ನಮ್ಮ ಧಣಿ ಯಾರು? ಮುಖ್ಯ ಕಾರ್ಯದರ್ಶಿಗಳಿಗೆ ಒಬ್ಬ ವಾಲ್ವ್‌ಮನ್ ಬರೆದ ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ನೀರು ಸರಬರಾಜು, ನೈರ್ಮಲ್ಯ ಹಾಗೂ ಸಾರಿಗೆ ಸೇವೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರಿಗೆ ನಿಯೋಜಕರು ಯಾರೆಂಬುದನ್ನು ಸರ್ಕಾರ ಲಿಖಿತವಾಗಿ ತಿಳಿಸುವ ಬಗ್ಗೆ.

ಮಾನ್ಯರೇ,

ನಾನು ಮಧ್ಯ ಕರ್ನಾಟಕದ ಒಂದು ಪುರಸಭೆಯಲ್ಲಿ 19 ವರ್ಷಗಳಿಂದ ವಾಲ್ವ್‌ಮನ್ ಆಗಿ ದುಡಿಯುತ್ತಿದ್ದೇನೆ. ಊರಿನವರ ಬಾಯಲ್ಲಿ ನಾನು ‘ನೀರು ಬಿಡುವವನು’. ವಯಸ್ಸಾದ ಕೆಲವರು ಇಂದಿಗೂ ನೀರುಗಂಟಿ ಎಂದೇ ಕರೆಯುತ್ತಾರೆ. ಕೆರೆಯ ತೂಬು ಎತ್ತಿ, ಸರದಿ ತಪ್ಪದಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವನ ಹೆಸರದು. ತೂಬಿನ ಜಾಗಕ್ಕೆ ವಾಲ್ವ್ ಬಂದಿದೆ. ಸರದಿ ಹಾಗೆಯೇ ಇದೆ, ಸರದಿಯ ಜಗಳವೂ ಇದೆ. ಆ ಕಾಲದ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಊರಿನವರು ಆಯ ಅಳೆದು ಕೊಡುತ್ತಿದ್ದರು. ಜಾತಿಯ ಲೆಕ್ಕದಲ್ಲಿ ಹೊರಿಸಿದ ಕೆಲಸ ಅದು, ಬಹುಪಾಲು ಕಡೆ ದಲಿತರ ಹೆಗಲಿಗೆ. ಅದನ್ನು ಹೊಗಳಲು ನಾನು ಕೂತಿಲ್ಲ. ಆದರೂ ‘ನಿನ್ನನ್ನು ಕೆಲಸಕ್ಕೆ ಇಟ್ಟವರು ಯಾರು’ ಎಂದು ಯಾರಾದರೂ ಕೇಳಿದ್ದರೆ ಅವನು ಊರ ಕಡೆಗೆ ಕೈ ತೋರಿಸಬಹುದಿತ್ತು. ನಾನು ಯಾರ ಕಡೆಗೆ ತೋರಿಸಲಿ? ಈ ಪತ್ರಕ್ಕೆ ಇರುವ ಕಾರಣ ಇದೊಂದೇ ಪ್ರಶ್ನೆ.

ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಮೂರು ಇಲಾಖೆಗಳು ಕೂರುತ್ತವೆ ಎಂದು ನನ್ನ ತಾಯಿ ತಮಾಷೆ ಮಾಡುತ್ತಾರೆ. ನಾನು ನೀರು. ನನ್ನ ಭಾವಮೈದ ಅದೇ ಪುರಸಭೆಯ ಕಸದ ಆಟೋ ಟಿಪ್ಪರ್ ಓಡಿಸುತ್ತಾನೆ. ನನ್ನ ಅಣ್ಣ ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲೊಂದರಲ್ಲಿ ಚಾಲಕ ಕಂ ನಿರ್ವಾಹಕ. ಅಣ್ಣ ಖಾಯಂ ನೌಕರ, ನಾವಿಬ್ಬರು ಹೊರಗುತ್ತಿಗೆ. ನಿಮ್ಮ ಕಡತಗಳಲ್ಲಿ ನಾವು ಬೇರೆ ಬೇರೆ ಕಪಾಟಿನಲ್ಲಿದ್ದೇವೆ. ಆದ್ದರಿಂದಲೇ ಸಚಿವರನ್ನು ಬಿಟ್ಟು ತಮಗೆ ಬರೆಯುತ್ತಿದ್ದೇನೆ. ನಗರಾಭಿವೃದ್ಧಿ, ಸಾರಿಗೆ, ಕಾರ್ಮಿಕ, ಹಣಕಾಸು ಈ ನಾಲ್ಕೂ ಇಲಾಖೆಗಳ ಬಾಗಿಲು ಒಟ್ಟಿಗೆ ತೆರೆಯುವ ಕೀಲಿ ಇರುವುದು ತಮ್ಮ ಕಚೇರಿಯಲ್ಲಿ.

ಬಹಿರಂಗವಾಗಿ ಯಾಕೆ ಬರೆಯಬೇಕಿತ್ತು ಎಂದು ಕೇಳಬಹುದು. ನಮ್ಮ ಸಂಘದ ಕಡತದಲ್ಲಿ ಸ್ವೀಕೃತಿ ಮುದ್ರೆ ಬಿದ್ದ 11 ಮನವಿಗಳಿವೆ. ಪುರಸಭೆಗೆ ಕೊಟ್ಟರೆ ‘ನೀವು ಏಜೆನ್ಸಿಯವರು, ಅಲ್ಲಿ ಕೇಳಿ’ ಎಂಬ ಉತ್ತರ. ಏಜೆನ್ಸಿಯವರನ್ನು ಕೇಳಿದರೆ ‘ಪುರಸಭೆಯಿಂದ ಬಿಲ್ ಪಾಸಾಗಿಲ್ಲ’. ಜಿಲ್ಲಾ ಮಟ್ಟದಲ್ಲಿ ಕೊಟ್ಟರೆ ‘ಸ್ಥಳೀಯ ಸಂಸ್ಥೆ ಸ್ವಾಯತ್ತ, ಅವರೇ ತೀರ್ಮಾನಿಸಬೇಕು’. ಮುದ್ರೆಯ ಶಾಯಿ ಮಾತ್ರ ಪ್ರತಿ ಸಲವೂ ಚೆನ್ನಾಗಿಯೇ ಬಿದ್ದಿದೆ.

ಈ 19 ವರ್ಷಗಳಲ್ಲಿ ನನ್ನ ಮೇಲೆ ಏಳು ಗುತ್ತಿಗೆದಾರರು ಬಂದು ಹೋಗಿದ್ದಾರೆ. ವಾಲ್ವ್ ಅದೇ, ಕೀಲಿ ಅದೇ, ನಾನೂ ಅವನೇ. ಆದರೆ ಟೆಂಡರ್ ಬದಲಾದ ದಿನ ನನ್ನ ಸೇವೆ ಸೊನ್ನೆಯಿಂದ ಶುರುವಾಗುತ್ತದೆ. 1972ರ ಉಪದಾನ ಕಾಯ್ದೆಯ ಪ್ರಕಾರ ಗ್ರಾಚ್ಯುಟಿ ಸಿಗಲು ಒಬ್ಬನೇ ಮಾಲೀಕನ ಕೈಕೆಳಗೆ ಐದು ವರ್ಷ ಸತತವಾಗಿ ದುಡಿದಿರಬೇಕಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಮಾಲೀಕನೇ ಬದಲಾದರೆ ಐದು ವರ್ಷ ತುಂಬುವುದು ಯಾವಾಗ? ಈಗ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಎಂದಿದೆ. ಸಂತೋಷ. ನಾನು ನಿಗದಿತ ಅವಧಿಯ ನೌಕರನೋ, ಗುತ್ತಿಗೆ ಕಾರ್ಮಿಕನೋ ಎಂಬುದನ್ನು ಹೇಳುವವರು ಬೇಕಲ್ಲ. ಪಿಎಫ್ ಕಥೆ ಬೇರೆ. ನನಗೆ ಮೂರು ಹಳೆಯ ಖಾತೆ ಸಂಖ್ಯೆಗಳಿವೆ, ಒಂದರಲ್ಲಿ ನನ್ನ ತಂದೆಯ ಹೆಸರು ತಪ್ಪಾಗಿದೆ. ತಿದ್ದಿಸಲು ಸಹಿ ಹಾಕಬೇಕಾದ ಏಜೆನ್ಸಿಯ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು.

ಇದನ್ನೆಲ್ಲ ಕೇವಲ ಸಂಬಳದ ತಗಾದೆ ಎಂದು ತಾವು ಓದಿ ಪಕ್ಕಕ್ಕಿಡಬಾರದು ಎಂಬ ಕಾರಣಕ್ಕೆ, ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಊರಿನಲ್ಲಿ ದಿನವಿಡೀ ನೀರು ಬರುವುದಿಲ್ಲ. ವಾರ್ಡಿಗೆ ನಾಲ್ಕು ದಿನಕ್ಕೊಮ್ಮೆ, ಒಂದೂವರೆ ತಾಸು. ಹೀಗೆ ಬಿಟ್ಟು ಬಿಟ್ಟು ನೀರು ಹರಿಸುವ ಕೊಳವೆಗಳದ್ದು ಒಂದು ಗುಣವಿದೆ. ವಾಲ್ವ್ ಮುಚ್ಚಿದ ಮೇಲೆ ಒಳಗಿದ್ದ ನೀರು ತಗ್ಗಿನ ಕಡೆಗೆ ಇಳಿದು ಹೋಗುತ್ತದೆ. ಆಗ ಕೊಳವೆ ಖಾಲಿಯಾಗಿ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಲ್ಲಿ ಜಾಯಿಂಟ್ ಸಡಿಲವೋ ಅಲ್ಲಿಂದ, ಪಕ್ಕದಲ್ಲಿ ಚರಂಡಿಯಿದ್ದರೆ ಚರಂಡಿಯ ನೀರನ್ನೇ. ನಮ್ಮಲ್ಲಿ ಕೆರೆಯ ಏರಿಯ ಕೆಳಗಿನ ವಾರ್ಡಿನಲ್ಲಿ ಒಂದು ವಾಲ್ವ್ ಚೇಂಬರ್ ಇದೆ. ಚರಂಡಿಯ ಚಪ್ಪಡಿ ಎತ್ತಿದರೇನೇ ಅದು ಕಾಣುತ್ತದೆ. ಅದನ್ನು ತೆರೆಯುವ ಮೊದಲು ಬಕೆಟ್ಟಿನಲ್ಲಿ ಕೊಳೆನೀರು ಎತ್ತಿ ಹೊರಗೆ ಚೆಲ್ಲಬೇಕು. ಆಮೇಲೆ ವಾಷ್‌ಔಟ್ ವಾಲ್ವ್ ಬಿಟ್ಟು ಹತ್ತು ಹದಿನೈದು ನಿಮಿಷ ನೀರನ್ನು ಹಳ್ಳಕ್ಕೆ ಹರಿಯಲು ಬಿಡಬೇಕು. ನೀರಿನ ಬಣ್ಣ ತಿಳಿಯಾಗಿ, ವಾಸನೆ ಹೋದ ಮೇಲೆ ಮನೆಗಳ ಕಡೆಗೆ ತಿರುಗಿಸಬೇಕು. ಇದು ಯಾವ ನಕ್ಷೆಯಲ್ಲೂ ಬರೆದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರ ತಲೆಯಲ್ಲಿ ಬರೆದಿತ್ತು.

ಕೆಲವು ವರ್ಷಗಳ ಹಿಂದೆ ಹೊಸ ಏಜೆನ್ಸಿ ಬಂತು. ಅತಿ ಕಡಿಮೆ ದರ ನಮೂದಿಸಿ ಟೆಂಡರ್ ಪಡೆದವರು ಎಲ್ಲಿಂದಲೋ ಉಳಿಸಲೇಬೇಕಲ್ಲ. 50 ದಾಟಿದ ನಾಲ್ಕು ಜನರನ್ನು ‘ವಯಸ್ಸಾಯಿತು’ ಎಂದು ಕೈಬಿಟ್ಟರು. ಅವರಲ್ಲಿ ಆ ಹಿರಿಯರೂ ಒಬ್ಬರು. ಅವರ ಜಾಗಕ್ಕೆ ಬಂದ ಹುಡುಗನಿಗೆ ಟಿ ಆಕಾರದ ಕಬ್ಬಿಣದ ಕೀಲಿಯನ್ನು ಕೈಗೆ ಕೊಟ್ಟು ವಾರ್ಡಿನ ಪಟ್ಟಿ ಕೊಟ್ಟರು. ಮುಂಗಾರಿನ ಮೊದಲ ವಾರ. ಹುಡುಗ ಚಪ್ಪಡಿ ಎತ್ತಿದ, ಕೈ ಒಳಗೆ ಹಾಕಿ ಕೀಲಿ ತಿರುಗಿಸಿದ, ಮುಂದಿನ ಬೀದಿಗೆ ಹೋದ. ಅವನದೇನೂ ತಪ್ಪಿಲ್ಲ, ತಿರುಗಿಸು ಎಂದಿದ್ದರು, ತಿರುಗಿಸಿದ. ಮೂರನೆಯ ದಿನಕ್ಕೆ ಎರಡು ಬೀದಿಯ ಮಕ್ಕಳು ವಾಂತಿ ಭೇದಿಯಿಂದ ತಾಲ್ಲೂಕು ಆಸ್ಪತ್ರೆಯಲ್ಲಿದ್ದರು. ದೇವರ ದಯೆ, ಎಲ್ಲರೂ ಮನೆಗೆ ಮರಳಿದರು. ವಿಚಾರಣೆ ನಡೆಯಿತು. ಹುಡುಗನನ್ನು ತೆಗೆದು ಹಾಕಿದರು, ಏಜೆನ್ಸಿಗೆ ಸಣ್ಣದೊಂದು ದಂಡ ಬಿತ್ತು. ಹಿರಿಯರನ್ನು ಕೈಬಿಟ್ಟದ್ದು ಯಾಕೆ ಎಂದು ವರದಿಯಲ್ಲಿ ಒಂದು ಸಾಲು ಇರಲಿಲ್ಲ. ಆ ವಾರ ಅವರು ಲುಂಗಿ ಉಟ್ಟುಕೊಂಡೇ ಬಂದು, ಸಂಬಳವಿಲ್ಲದೆ, ಯಾರೂ ಕರೆಯದೆ, ಆ ಚೇಂಬರಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಹೊಸ ಹುಡುಗರಿಗೆ ತೋರಿಸಿಕೊಟ್ಟರು.

2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜೀವಗಳು ಹೋದಾಗ ಇಡೀ ರಾಜ್ಯ ಬೆಚ್ಚಿತ್ತು. ಅಲ್ಲಿ ಏನಾಯಿತು ಎಂಬುದರ ಬಗ್ಗೆ ನಾನು ತೀರ್ಪು ಕೊಡುವವನಲ್ಲ. ಆದರೆ ಆ ಸುದ್ದಿ ಓದಿದ ರಾತ್ರಿ ರಾಜ್ಯದ ಯಾವ ವಾಲ್ವ್‌ಮನ್ನಿಗೂ ನಿದ್ದೆ ಬಂದಿರಲಾರದು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ನಿಯಮ. ಪರೀಕ್ಷೆ ಸುಲಭ: ಸಣ್ಣ ಗಾಜಿನ ಕೊಳವೆಗೆ ನೀರು ಹಿಡಿದು ಎರಡು ಹನಿ ದ್ರಾವಣ ಬಿಟ್ಟರೆ ಹಳದಿ ಬರುತ್ತದೆ, ಬಣ್ಣ ನೋಡಿ ಲೆಕ್ಕ ಹಿಡಿಯುವುದು. ಆ ಎರಡು ಹನಿಯ ಬಾಟಲಿ ಖಾಲಿಯಾದರೆ ತರಿಸುವುದು ಯಾರ ಜವಾಬ್ದಾರಿ? ಟೆಂಡರ್ ಷರತ್ತಿನ ಪ್ರಕಾರ ‘ಸಾಮಗ್ರಿ ಪುರಸಭೆಯದ್ದು, ಮಾನವ ಸಂಪನ್ಮೂಲ ಏಜೆನ್ಸಿಯದ್ದು’. ಬಾಟಲಿ ಸಾಮಗ್ರಿಯೋ ಅಲ್ಲವೋ ಎಂಬ ಚರ್ಚೆಯಲ್ಲಿ ನಮ್ಮಲ್ಲಿ ಒಮ್ಮೆ ಐದು ವಾರ ಕಳೆದವು. ಮಾನವ ಸಂಪನ್ಮೂಲ ಎಂದರೆ ನಾನೇ ಎಂದು ತಿಳಿಯಲೂ ನನಗೆ ಕೆಲವು ದಿನ ಬೇಕಾಯಿತು.

ಇನ್ನು ಭಾವಮೈದನ ವಿಷಯ. ಪೌರಕಾರ್ಮಿಕರ ಸಂಘಗಳು ದಶಕಗಳ ಕಾಲ ಬೀದಿಯಲ್ಲಿ ಕೂತು ಪಡೆದ ಗೆಲುವುಗಳನ್ನು ನಾನು ಕಡೆಗಣಿಸುವುದಿಲ್ಲ. ಗುತ್ತಿಗೆದಾರನನ್ನು ತೆಗೆದು ನೇರ ಪಾವತಿ ತಂದರು. 2022ರ ಜುಲೈ ಮುಷ್ಕರದ ನಂತರ ಖಾಯಂ ಮಾಡುವ ಮಾತು ಕಡತಕ್ಕೆ ಬಂತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೈಗೆ ನೇಮಕಾತಿ ಪತ್ರ ಬಂತು. ಅಂದು ಟಿವಿಯಲ್ಲಿ ಆ ಹೆಣ್ಣುಮಕ್ಕಳ ಮುಖ ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡೆವು. ಆದರೆ ಅದೇ ಕಸದ ಗಾಡಿಯ ಚಾಲಕ, ಲೋಡರ್, ಒಳಚರಂಡಿಯ ಕೆಲಸಗಾರ ಈ ಲೆಕ್ಕದಿಂದ ಹೊರಗೆ ಉಳಿದರು. ಬೀದಿ ಗುಡಿಸುವವರು ಪೌರಕಾರ್ಮಿಕರು; ಗುಡಿಸಿದ ಕಸವನ್ನು ಹೊತ್ತೊಯ್ಯುವವರು ಏಜೆನ್ಸಿಯವರು.

ಈ ಗೆರೆ ಎಷ್ಟು ವಿಚಿತ್ರ ಎಂಬುದನ್ನು ನೋಡಬೇಕಾದರೆ ಬೆಳಗಿನ ಏಳೂವರೆಗೆ ನಮ್ಮ ಊರಿನ ಹಳೆಯ ಸಂತೆಮಾಳಕ್ಕೆ ಬರಬೇಕು. ಪೌರಕಾರ್ಮಿಕರಿಗೆ ಉಪಾಹಾರದ ಪೊಟ್ಟಣಗಳು ಬರುವ ಹೊತ್ತು ಅದು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಎಣಿಸಿ ಕೊಡುತ್ತಾರೆ. ಐದು ಗಂಟೆಯಿಂದ ಅದೇ ಗಾಡಿಯಲ್ಲಿ, ಅದೇ ವಾಸನೆಯಲ್ಲಿ ಇದ್ದ ಚಾಲಕನ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಗಾಡಿ ಪುರಸಭೆಯದ್ದು, ಡೀಸೆಲ್ ಪುರಸಭೆಯದ್ದು, ಸ್ಟೀರಿಂಗ್ ಹಿಡಿದ ಕೈ ಮಾತ್ರ ಏಜೆನ್ಸಿಯದ್ದು. ಗಾಡಿಯ ಹಿಂದೆ ನಿಲ್ಲುವ ಅಕ್ಕಂದಿರು ದಿನವೂ ತಮ್ಮ ಪೊಟ್ಟಣದ ಮೂರು ಇಡ್ಲಿಯಲ್ಲಿ ಒಂದನ್ನು ಅವನ ಡ್ಯಾಶ್‌ಬೋರ್ಡಿನ ಮೇಲೆ ಇಡುತ್ತಾರೆ. ಇವನು ಬೇಡ ಎನ್ನುತ್ತಾನೆ, ಅವರು ಬೈಯುತ್ತಾರೆ, ಇವನು ತಿನ್ನುತ್ತಾನೆ. ಪ್ರತಿದಿನ ಇದೇ.

ಒಳಚರಂಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆಯಲು ಮನಸ್ಸು ಒಪ್ಪುವುದಿಲ್ಲ. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸುವ ಕಾಯ್ದೆ 2013ರಲ್ಲೇ ಬಂದಿದೆ. 2010ರಲ್ಲಿ ಸವಣೂರಿನ ಪುರಸಭೆ ಕಚೇರಿಯ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ಕಂಡ ರಾಜ್ಯ ಇದು. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್, ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ನಮ್ಮ ಊರಿನಲ್ಲಿ ಸಕ್ಕಿಂಗ್ ಯಂತ್ರ ಇದೆ. ಅದು ಪಕ್ಕದ ಪಟ್ಟಣಕ್ಕೂ ಹೋಗಬೇಕು, ತಿಂಗಳಲ್ಲಿ ಕೆಲವು ದಿನ ಗ್ಯಾರೇಜಿಗೂ ಹೋಗಬೇಕು. ಆ ದಿನಗಳಲ್ಲಿ ಸಂಜೆ ಕತ್ತಲಾದ ಮೇಲೆ ಯಾರೋ ಒಬ್ಬರು ಬೈಕಿನಲ್ಲಿ ಬಂದು, ಇಂಥವನು ಮನೆಯಲ್ಲಿದ್ದಾನೆಯೇ ಎಂದು ವಿಚಾರಿಸುತ್ತಾರೆ. ಕಚೇರಿಯ ಪುಸ್ತಕದಲ್ಲಿ ಆ ಕೆಲಸ ಎಲ್ಲೂ ದಾಖಲಾಗುವುದಿಲ್ಲ. ಆಗ ಅವನ ಮಾಲೀಕ ಯಾರು? ಬೈಕಿನವನೇ?

ಅಣ್ಣನ ಸ್ಥಿತಿ ನಮ್ಮದಕ್ಕಿಂತ ಮೇಲು. ಅವನಿಗೆ ಬಿಲ್ಲೆಯಿದೆ, ಘಟಕವಿದೆ, ನೋಟಿಸ್ ಕೊಡಲು ಗುರುತಿರುವ ಮೇಲಧಿಕಾರಿಯಿದ್ದಾರೆ. ಆದರೂ ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದ ವೇತನ ಪರಿಷ್ಕರಣೆ ಅವನ ಪಾಲಿಗೆ ಹೇಗೆ ನಡೆಯಿತು ನೋಡಿ. 2020ರ ಜನವರಿ 1ರಿಂದ ಆಗಬೇಕಿದ್ದ ಶೇ 15ರ ಏರಿಕೆ 2023ರ ಮಾರ್ಚ್‌ನಿಂದ ಕೈಗೆ ಬಂತು. ನಡುವಿನ 38 ತಿಂಗಳ ಬಾಕಿಗಾಗಿ ಮತ್ತು 2024ರ ಜನವರಿ 1ರಿಂದ ಆಗಬೇಕಿದ್ದ ಮುಂದಿನ ಪರಿಷ್ಕರಣೆಗಾಗಿ 2025ರ ಆಗಸ್ಟ್ 5ರಂದು ಬಸ್ಸುಗಳು ನಿಂತವು. ಹೈಕೋರ್ಟಿನ ಮಾತಿಗೆ ತಲೆಬಾಗಿ ಮುಷ್ಕರ ನಿಂತಿತು. ಅದೇ ವರ್ಷ ಜನವರಿ 5ರಿಂದ ಟಿಕೆಟ್ ದರ ಶೇ 15 ಏರಿತ್ತು. ಅದಕ್ಕೆ ಯಾವ ಬಾಕಿಯೂ ಉಳಿಯಲಿಲ್ಲ, ಮೊದಲ ದಿನವೇ ಯಂತ್ರದಲ್ಲಿ ಹೊಸ ದರ ಬಂದಿತ್ತು.

2021ರ ಏಪ್ರಿಲ್ 7ರಿಂದ 15 ದಿನ ನಡೆದ ಮುಷ್ಕರದಲ್ಲಿ ಅಣ್ಣನೂ ಇದ್ದ. ಅವನನ್ನು ವಜಾ ಮಾಡಲಿಲ್ಲ, 200 ಕಿಲೋಮೀಟರ್ ದೂರದ ಘಟಕಕ್ಕೆ ಹಾಕಿದರು. ಕೋವಿಡ್ ಎರಡನೇ ಅಲೆ ಏರುತ್ತಿದ್ದ ಕಾಲ. ನಮ್ಮ ಅತ್ತಿಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಆ ಒಂದು ವರ್ಷ ಹೇಗೆ ತೆಗೆದರು ಎಂಬುದು ಅವರಿಗೇ ಗೊತ್ತು.

ಶಕ್ತಿ ಯೋಜನೆಯ ಬಗ್ಗೆ ಒಂದು ಮಾತು, ಯಾಕೆಂದರೆ ನಾವು ಅದರ ವಿರೋಧಿಗಳೆಂದು ಕೆಲವರು ಹಬ್ಬಿಸುತ್ತಾರೆ. 2023ರ ಜೂನ್ 11ರಿಂದ ನನ್ನ ತಾಯಿ ನೋಡಿರುವಷ್ಟು ಊರುಗಳನ್ನು ಅದಕ್ಕೆ ಮೊದಲಿನ 60 ವರ್ಷಗಳಲ್ಲಿ ನೋಡಿರಲಿಲ್ಲ. ಯೋಜನೆ ಒಳ್ಳೆಯದು, ಇರಲಿ. ಅಣ್ಣ ಕೇಳುವುದು ಇಷ್ಟೇ: ಮಾರ್ಗದ ರನ್ನಿಂಗ್ ಟೈಮ್ ಹಳೆಯದೇ ಇದೆ. ಮೊದಲು 45 ಜನ ಹತ್ತುತ್ತಿದ್ದ ಬಸ್ಸಿಗೆ ಈಗ 80 ಜನ ಹತ್ತುತ್ತಾರೆ. ಚಾಲಕ ಕಂ ನಿರ್ವಾಹಕನೇ ಬಸ್ಸು ನಿಲ್ಲಿಸಿ ಪ್ರತಿಯೊಬ್ಬರಿಗೂ, ಶೂನ್ಯ ಟಿಕೆಟ್ಟೇ ಆಗಲಿ, ಚೀಟಿ ಹರಿದು ಕೊಟ್ಟು ಮತ್ತೆ ಸೀಟಿನಲ್ಲಿ ಕೂರಬೇಕು. ಫಾರಂ ನಾಲ್ಕರಲ್ಲಿ, ಅಂದರೆ ಮಾರ್ಗದ ವೇಳಾಪಟ್ಟಿಯಲ್ಲಿ, ಬರೆದ ಸಮಯಕ್ಕೆ ತಲುಪದಿದ್ದರೆ ಮೆಮೊ. ತಲುಪಲು ಜೋರಾಗಿ ಓಡಿಸಿದರೆ ಡೀಸೆಲ್ ಲೆಕ್ಕದಲ್ಲಿ ಮೆಮೊ. ಒಂದು ಚೀಟಿ ತಪ್ಪಿದರೆ ತನಿಖಾ ತಂಡದಿಂದ ಮೆಮೊ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಆ 8 ಗಂಟೆ ಯಾವ ಗಡಿಯಾರದ್ದು ಎಂದು ಅಣ್ಣ ಕೇಳುತ್ತಾನೆ.

ಈಗ ಎಲೆಕ್ಟ್ರಿಕ್ ಬಸ್ಸುಗಳು ಬಂದಿವೆ. ಹೊಗೆಯಿಲ್ಲ, ಸದ್ದಿಲ್ಲ. ಪರಿಸರದ ದೃಷ್ಟಿಯಿಂದ ಬೇಕಾದವೇ. ಆದರೆ ಅವುಗಳಲ್ಲಿ ಬಹುಪಾಲು ಬಂದಿರುವುದು ಕಿಲೋಮೀಟರಿಗೆ ಇಷ್ಟು ಎಂಬ ಗುತ್ತಿಗೆಯಲ್ಲಿ. ಬಸ್ಸು ಕಂಪನಿಯದ್ದು, ಚಾಲಕ ಕಂಪನಿಯವನು, ನಿರ್ವಾಹಕ ನಿಗಮದವನು. ಒಂದೇ ಬಸ್ಸಿನ ಮುಂದಿನ ಬಾಗಿಲಿಗೊಬ್ಬ ಮಾಲೀಕ, ಹಿಂದಿನ ಬಾಗಿಲಿಗೊಬ್ಬ ಮಾಲೀಕ. ಅಪಘಾತವಾದರೆ ಪ್ರಯಾಣಿಕ ಯಾರ ಕೊರಳಪಟ್ಟಿ ಹಿಡಿಯಬೇಕು? ಇದನ್ನು ಓದುವಾಗ ಕಸದ ಗಾಡಿಯ ಚಿತ್ರ ತಮ್ಮ ಕಣ್ಣಮುಂದೆ ಬಂದಿರಬಹುದು. ನನಗೂ ಬಂತು. ಮೂರು ಇಲಾಖೆಗಳೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಹೆಸರಿನಲ್ಲಿ, ಒಂದೇ ದಾರಿ ಹಿಡಿದಿವೆ. ಯಂತ್ರಕ್ಕೆ ಒಬ್ಬ, ಆಳಿಗೆ ಒಬ್ಬ, ಬಿಲ್ಲಿಗೆ ಒಬ್ಬ. ಪ್ರಶ್ನೆ ಕೇಳಿದಾಗ ಯಾರೂ ಇಲ್ಲ. ಖಾಯಂ ನೌಕರನಾದ ಅಣ್ಣ ನಮ್ಮ ಸಂಘದ ಸಭೆಗೆ ಬರತೊಡಗಿದ್ದು ಇದನ್ನು ಕಂಡ ಮೇಲೆಯೇ. ‘ನಿಮ್ಮ ಇಂದಿನ ಸ್ಥಿತಿ ನಮ್ಮ ನಾಳೆ’ ಎಂದ.

ಕೆಲಸ ನಿಲ್ಲಿಸುತ್ತೇವೆ ಎಂದ ಮರುಗಳಿಗೆ ಮಾತ್ರ ನಮಗೆಲ್ಲ ಒಬ್ಬ ಮಾಲೀಕ ಹುಟ್ಟಿಕೊಳ್ಳುತ್ತಾನೆ. ಮುಷ್ಕರ ನಿಷೇಧಿಸುವ ಎಸ್ಮಾ ಆದೇಶ ಬರುತ್ತದೆ; ‘ಅಗತ್ಯ ಸೇವೆ’ ಎಂದು ಅದರಲ್ಲಿ ಬರೆದಿರುತ್ತದೆ. ನನ್ನ ಕೆಲಸ ಅಗತ್ಯ ಎಂದು ಸರ್ಕಾರ ಒಪ್ಪಿಕೊಳ್ಳುವ ಏಕೈಕ ಕಾಗದ ಅದು. ಒಮ್ಮೆ ಅಂಥದೊಂದು ಪ್ರತಿಯನ್ನು ನಮ್ಮ ಕಾರ್ಯದರ್ಶಿ ಫ್ರೇಮ್ ಹಾಕಿಸಿ ಸಂಘದ ಗೋಡೆಗೆ ತೂಗುಹಾಕಬೇಕು ಎಂದಿದ್ದರು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಮ್ಮ ಸಂಘದ ಕಚೇರಿ ಎಂದರೆ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಅಲ್ಲಿ ನಾಲ್ಕು ಭಾನುವಾರ ಕೂತು, ನಿವೃತ್ತ ಶಿಕ್ಷಕರೊಬ್ಬರಿಂದ ಓದಿಸಿ ಅರ್ಥ ಹೇಳಿಸಿಕೊಂಡೆವು. ಹಿಂದೆ ಗುತ್ತಿಗೆ ಕಾರ್ಮಿಕರ ಕಾಯ್ದೆ 20 ಜನರಿದ್ದರೆ ಅನ್ವಯಿಸುತ್ತಿತ್ತು, ಈಗ 50 ಜನ ಬೇಕು. ನಮ್ಮ ಊರಿನ ನೀರು, ಕಸ ಎರಡೂ ಸೇರಿ ನಾವು 43 ಜನ. ಏಳು ಜನ ಕಡಿಮೆ ಬಿದ್ದೆವು. ಮುಷ್ಕರಕ್ಕೆ ಎಲ್ಲ ಕೈಗಾರಿಕೆಗಳಲ್ಲೂ 14 ದಿನಗಳ ನೋಟಿಸ್ ಕಡ್ಡಾಯ. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಸರಿ, ನೋಟಿಸ್ ಕೊಡುತ್ತೇವೆ. ಲಕೋಟೆಯ ಮೇಲೆ ಯಾರ ವಿಳಾಸ ಬರೆಯಲಿ?

ಆದರೆ ಅದೇ ಓದಿನಲ್ಲಿ ಒಂದು ಸಾಲು ನಮ್ಮ ಕಣ್ಣಿಗೆ ಬಿತ್ತು. ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಸಂಸ್ಥೆಯ ಮೂಲ ಚಟುವಟಿಕೆಯಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದು ಎನ್ನುತ್ತದೆ. ಯಾವುದು ಮೂಲ ಚಟುವಟಿಕೆಯಲ್ಲ ಎಂಬ ಪಟ್ಟಿಯಲ್ಲಿ ಕಸ ಸಂಗ್ರಹ, ವಿಲೇವಾರಿ, ಸಾರಿಗೆ ಸೇವೆ ಎಲ್ಲವೂ ಇವೆ. ಓದಿ ಎದೆ ಧಸಕ್ಕೆಂದಿತು. ಆದರೆ ಪಟ್ಟಿಗೆ ಒಂದು ಷರತ್ತಿದೆ: ಆ ಕೆಲಸಕ್ಕಾಗಿಯೇ ಸ್ಥಾಪನೆಯಾದ ಸಂಸ್ಥೆಗೆ ಈ ವಿನಾಯಿತಿ ಸಲ್ಲುವುದಿಲ್ಲ. ಸೋಪಿನ ಕಾರ್ಖಾನೆಯ ಅಂಗಳ ಗುಡಿಸುವುದು ಕಾರ್ಖಾನೆಯ ಮೂಲ ಕೆಲಸವಲ್ಲ, ಒಪ್ಪೋಣ. ಪುರಸಭೆಗೆ? ನೀರು ಕೊಡುವುದು, ಬೀದಿ ಚೊಕ್ಕಟವಾಗಿಡುವುದು 1964ರ ಪುರಸಭೆಗಳ ಕಾಯ್ದೆಯಲ್ಲಿ ಪುರಸಭೆಯ ಕಡ್ಡಾಯ ಕರ್ತವ್ಯ. ಸಂವಿಧಾನದ 12ನೇ ಅನುಸೂಚಿಯಲ್ಲೂ ಇವು ನಗರ ಸಂಸ್ಥೆಗಳ ಕೆಲಸಗಳೇ. ಇನ್ನು ಸಾರಿಗೆ ನಿಗಮದಲ್ಲಿ ಬಸ್ಸು ಓಡಿಸುವುದು ಮೂಲ ಕೆಲಸವಲ್ಲವೆಂದರೆ, ಆ ನಿಗಮ ಇರುವುದಾದರೂ ಯಾತಕ್ಕೆ?

ಇದಕ್ಕೊಂದು ಉಪಾಯದ ಉತ್ತರ ಸಿದ್ಧವಾಗಬಹುದು ಎಂಬ ಅನುಮಾನ ನನಗಿದೆ. ಸಾಮಾನ್ಯವಾಗಿ ಗುತ್ತಿಗೆಯ ಮೂಲಕವೇ ನಡೆದು ಬಂದಿರುವ ಕೆಲಸವಾದರೆ ಮೂಲ ಚಟುವಟಿಕೆಯಲ್ಲೂ ಗುತ್ತಿಗೆಗೆ ಅವಕಾಶವಿದೆ ಎಂದು ಅದೇ ಸಂಹಿತೆ ಹೇಳುತ್ತದೆ. ‘19 ವರ್ಷಗಳಿಂದ ಗುತ್ತಿಗೆಯಲ್ಲೇ ನಡೆದಿದೆಯಲ್ಲ, ಇನ್ನೇನು’ ಎಂದು ಟಿಪ್ಪಣಿ ಬರೆಯಲು ಯಾರಾದರೂ ಪೆನ್ನು ಎತ್ತಬಹುದು. ನಮ್ಮನ್ನು 19 ವರ್ಷ ಖಾಯಂ ಮಾಡದೆ ಇಟ್ಟಿದ್ದೇ ಇನ್ನು ಮುಂದೆಯೂ ಖಾಯಂ ಮಾಡದಿರಲು ಕಾರಣ ಎಂದಾಗುತ್ತದೆ ಆಗ. ತಾತ್ಕಾಲಿಕ ನೌಕರರು ಖಾಯಂ ಮಾಡಿ ಎಂದು ಹಕ್ಕಿನಿಂದ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ ಉಮಾದೇವಿ ಪ್ರಕರಣ ನಮ್ಮದೇ ರಾಜ್ಯದ್ದು. 2006ರ ಆ ತೀರ್ಪನ್ನು ತೋರಿಸಿ ನಮ್ಮನ್ನು ಎಷ್ಟು ಸಲ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದ್ದಾರೆಂದು ಲೆಕ್ಕವಿಲ್ಲ. 2024ರ ಡಿಸೆಂಬರ್ 20ರಂದು ಅದೇ ಸುಪ್ರೀಂ ಕೋರ್ಟ್, ವರ್ಷಗಟ್ಟಲೆ ದುಡಿದವರ ನ್ಯಾಯವಾದ ಹಕ್ಕನ್ನು ನಿರಾಕರಿಸಲು ಆ ತೀರ್ಪನ್ನು ಆಯುಧ ಮಾಡಿಕೊಳ್ಳಬಾರದು ಎಂದಿದೆ. ಆ ತೀರ್ಪಿನ ಪ್ರತಿ ನಮ್ಮ ಪುರಸಭೆಗೆ ಇನ್ನೂ ತಲುಪಿದಂತಿಲ್ಲ.

ನಮ್ಮ ಕಡೆಯ ತಪ್ಪುಗಳನ್ನೂ ಮುಚ್ಚಿಡುವುದಿಲ್ಲ. ಸಾರಿಗೆಯಲ್ಲಿ ಸಂಘಗಳು ಒಂದಲ್ಲ, ಹಲವು. ಒಬ್ಬರು ಕರೆ ಕೊಟ್ಟ ಮುಷ್ಕರದ ದಿನ ಇನ್ನೊಬ್ಬರು ಬಸ್ಸು ತೆಗೆಯುತ್ತಾರೆ. ಪೌರಕಾರ್ಮಿಕರ ಸಂಘಗಳು ಚಾಲಕರನ್ನು, ನೀರಿನವರನ್ನು ಬಹುಕಾಲ ತಮ್ಮವರೆಂದು ಎಣಿಸಲಿಲ್ಲ. ನಾವು ನೀರಿನವರೂ ಒಳಚರಂಡಿಯವರ ಜೊತೆ ಒಂದೇ ಚಾಪೆಯಲ್ಲಿ ಕೂರಲು ಹಿಂದೆ ಮುಂದೆ ನೋಡಿದವರೇ, ಅದಕ್ಕೆ ಕಾರಣ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಷ್ಕರದ ದಿನ ಪರೀಕ್ಷೆಗೆ ಹೋಗಲಾಗದೆ ಬಸ್ ನಿಲ್ದಾಣದಲ್ಲಿ ಅಳುತ್ತಿದ್ದ ಹುಡುಗಿಯನ್ನು ಅಣ್ಣ ಇನ್ನೂ ಮರೆತಿಲ್ಲ. ಶೇ 51 ಸದಸ್ಯರಿರುವ ಸಂಘದ ಜೊತೆ ಮಾತುಕತೆ ನಡೆಸಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಹಾಗಾದರೆ ಗುಪ್ತ ಮತದಾನ ನಡೆಸಿ, ಯಾರಿಗೆ ಬಲವಿದೆ ಎಂದು ತಿಳಿದುಬಿಡಲಿ. ಸೋತವರು ಸುಮ್ಮನಿರಲು ನಾವು ಹೇಳುತ್ತೇವೆ.

ನಾವು ಕೇಳುವುದು ಹೆಚ್ಚಿಲ್ಲ. ಮೊದಲನೆಯದು, ಪುರಸಭೆ ಮತ್ತು ನಗರಸಭೆಗಳಿಗೆ ನೀರು, ಕಸ, ಒಳಚರಂಡಿ, ಸಾರಿಗೆ ನಿಗಮಗಳಿಗೆ ಬಸ್ಸಿನ ಚಾಲನೆ ಮತ್ತು ದುರಸ್ತಿ ಮೂಲ ಚಟುವಟಿಕೆಗಳೇ ಎಂದು ಸರ್ಕಾರ ಅಧಿಸೂಚನೆ ಹೊರಡಿಸಲಿ. ಪ್ರಶ್ನೆ ಎದ್ದಾಗ ತೀರ್ಮಾನಿಸುವ ಅಧಿಕಾರ ಸರ್ಕಾರದ್ದೇ; ಪ್ರಶ್ನೆ ಈ ಪತ್ರದಲ್ಲಿ ಎದ್ದಿದೆ. ಎಲ್ಲರನ್ನೂ ನಾಳೆಯೇ ಖಾಯಂ ಮಾಡಿ ಎಂದು ನಾವು ಹಟ ಹಿಡಿಯುವುದಿಲ್ಲ, ಖಜಾನೆಗೂ ಒಂದು ತಳವಿದೆ ಎಂಬುದು ಗೊತ್ತು. ಅಲ್ಲಿಯವರೆಗೆ, ಪೌರಕಾರ್ಮಿಕರಿಗೆ ಕೊಟ್ಟ ನೇರ ಪಾವತಿಯನ್ನು ಗಾಡಿಯ ಚಾಲಕ, ಲೋಡರ್, ಒಳಚರಂಡಿ ಕೆಲಸಗಾರ ಮತ್ತು ನೀರಿನವರಿಗೂ ವಿಸ್ತರಿಸಿ. ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೂಲಿ ಕೊಡಬೇಕೆಂದು ವೇತನ ಸಂಹಿತೆಯೇ ಹೇಳುತ್ತದೆ. ನಮಗೆ ಕಳೆದ ಸಂಬಳ ಬಂದಾಗ ಮೂರನೆಯ ತಿಂಗಳ 7 ಆಗಿತ್ತು.

ಟೆಂಡರ್ ಕರೆಯಲೇಬೇಕಾದ ಕಡೆ, ಏಜೆನ್ಸಿ ಬದಲಾದರೂ ಇರುವ ಕೆಲಸಗಾರ ಮುಂದುವರಿಯಬೇಕು, ಹಿಂದಿನ ಸೇವೆ ಎಣಿಕೆಯಾಗಬೇಕು ಎಂಬ ಷರತ್ತು ಇರಲಿ. ಹೊಸ ವಾಲ್ವ್‌ಮನ್ ಬಂದರೆ ಹಳಬನ ಜೊತೆ ಕನಿಷ್ಠ ಒಂದು ತಿಂಗಳು ಬೀದಿ ಸುತ್ತಿದ ಮೇಲೆಯೇ ಕೀಲಿ ಅವನ ಕೈಗೆ ಹೋಗಲಿ. ಎಲೆಕ್ಟ್ರಿಕ್ ಬಸ್ಸಿನ ಕರಾರಿನಲ್ಲಿ ಕಿಲೋಮೀಟರ್ ದರ ಬರೆಯುವಷ್ಟೇ ಸ್ಪಷ್ಟವಾಗಿ ಚಾಲಕನ ಕೆಲಸದ ಅವಧಿ, ವಿಶ್ರಾಂತಿ, ಕೂಲಿಯನ್ನೂ ಬರೆಯಿರಿ. ಮಾರ್ಗಗಳ ರನ್ನಿಂಗ್ ಟೈಮ್ ನಿಗದಿ ಮಾಡುವ ಅಧಿಕಾರಿ ಒಂದು ಸೋಮವಾರ ಬೆಳಿಗ್ಗೆ ಸಾಮಾನ್ಯ ಪ್ರಯಾಣಿಕನಂತೆ ಆ ಬಸ್ಸಿನಲ್ಲಿ ನಿಂತು ಹೋಗಲಿ, ಆಮೇಲೆ ಬರೆಯಲಿ. ಮ್ಯಾನ್‌ಹೋಲಿನ ವಿಷಯದಲ್ಲಿ ಬೇಡಿಕೆ ಎಂಬುದಿಲ್ಲ, ಕಾಯ್ದೆ ಇದೆ. ಯಂತ್ರ ಕೆಟ್ಟ ದಿನ ಕೆಲಸ ನಿಲ್ಲಲಿ, ಊರು ವಾಸನೆ ಕುಡಿಯಲಿ. ಆಗ ಯಂತ್ರ ಬೇಗ ದುರಸ್ತಿಯಾಗುತ್ತದೆ.

ಕೊನೆಯದಾಗಿ, ತಮ್ಮ ಅಧ್ಯಕ್ಷತೆಯಲ್ಲಿ ಒಂದು ಸಭೆ ಕರೆಯಿರಿ. ಮೂರೂ ಕ್ಷೇತ್ರಗಳ ಸಂಘಗಳು ಒಂದೇ ಮೇಜಿಗೆ ಬರಲಿ, ನಾಲ್ಕೂ ಇಲಾಖೆಗಳು ಎದುರಿಗೆ ಕೂರಲಿ. ಹಣಕಾಸು ಇಲಾಖೆಯವರು ಖುದ್ದಾಗಿ ಇರಲಿ ಎಂಬುದು ವಿಶೇಷ ವಿನಂತಿ. ಅವರು ಇಲ್ಲದ ಸಭೆಗಳಲ್ಲಿ ನಮಗೆ ಒಳ್ಳೆಯ ಕಾಫಿ ಸಿಕ್ಕಿದೆ, ಬೇರೇನೂ ಸಿಕ್ಕಿಲ್ಲ. ಆ ಸಭೆಯ ನಡಾವಳಿಯ ಮೊದಲ ಸಾಲಿನಲ್ಲಿ ಈ ಪ್ರಶ್ನೆಗೆ ಉತ್ತರ ಬರೆಸಿ: ಇವರ ನಿಯೋಜಕರು ಯಾರು? ಉತ್ತರ ನಮಗೆ ಇಷ್ಟವಾಗದಿದ್ದರೂ ಆಗಬಹುದು. ವಿಳಾಸ ಗೊತ್ತಾದರೆ ಜಗಳವಾದರೂ ಸರಿಯಾದ ಬಾಗಿಲಿನಲ್ಲಿ ಆಡಬಹುದು.

ಸಭೆಯ ದಿನಾಂಕವನ್ನು ನಾಲ್ಕು ದಿನ ಮುಂಚಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಕೆರೆ ಏರಿಯ ಕೆಳಗಿನ ವಾರ್ಡಿಗೆ ನೀರು ಬಿಡುವ ಸರದಿ ಅಂದೇ ಬಿದ್ದರೆ, ಆ ಚಪ್ಪಡಿಯ ಕೆಳಗಿನ ಚೇಂಬರನ್ನು ಇನ್ನೊಬ್ಬರಿಗೆ ತೋರಿಸಿಕೊಟ್ಟು ಬರಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಾಲ್ವ್‌ಮನ್
(ಹೊರಗುತ್ತಿಗೆ, 19 ವರ್ಷ)